ಕಾರು ಯಾವಾಗ ತಗಳ್ತೀಯಪ್ಪಾ?

ಪ್ರತಿ ಭಾನುವಾರ ದಾವಣಗೆರೆಯಿಂದ ವಿಡಿಯೊ ಕಾಲ್ ಬರುತ್ತೆ. ಮೊದಲು ಅಮ್ಮ. ತಿಂಡಿ ಆಯ್ತಾ, ಪುಟ್ಟಿಗೆ ನೆಗಡಿ ಹೋಯ್ತಾ, ಅಲ್ಲಿ ಬಿಸಿಲು ಬಂತಾ. ಆಮೇಲೆ ಫೋನ್ ಅಪ್ಪಾಜಿ ಕೈಗೆ ಹೋಗುತ್ತೆ. ಅವರದ್ದು ಒಂದೇ ಪ್ರಶ್ನೆ.

"ಕಾರು ಯಾವಾಗ ತಗಳ್ತೀಯಪ್ಪಾ?"

ನಾವಿರೋದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇದೆ. ಕಾರಿಗೆ ದುಡ್ಡಿಲ್ಲ ಅಂತೇನಲ್ಲ. ಆದರೆ ಎರಡು ವರ್ಷದ ಹಿಂದೆ ನಾವು ತಗೊಂಡಿದ್ದು, ಮುಂದೆ ದೊಡ್ಡ ಮರದ ಪೆಟ್ಟಿಗೆ ಇರೋ ಒಂದು ಎಲೆಕ್ಟ್ರಿಕ್ ಸೈಕಲ್. ಇಲ್ಲಿಯವರು ಇದಕ್ಕೆ ‘ಬಕ್‌ಫೀಟ್ಸ್’ ಅಂತಾರೆ. ಬಕ್ ಅಂದ್ರೆ ಪೆಟ್ಟಿಗೆ, ಫೀಟ್ಸ್ ಅಂದ್ರೆ ಸೈಕಲ್. ಪೆಟ್ಟಿಗೆಯಲ್ಲಿ ಒಂದು ಬೆಂಚು, ಬೆಂಚಿಗೆ ಸೀಟ್ ಬೆಲ್ಟ್, ಬೆಲ್ಟ್ ಒಳಗೆ ನಮ್ಮ ಮೂರು ವರ್ಷದ ಮಗಳು.

ಮೊದಲ ಫೋಟೊ ಕಳಿಸಿದಾಗ ಅಪ್ಪಾಜಿ ಕೇಳಿದ್ದು, "ಇದು ಐಸ್‌ಕ್ರೀಮ್ ಗಾಡಿ ಅಲ್ಲೇನೋ?"

ಅಲ್ಲ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಸೈಕಲ್ಲಿಂದ ಕಾರಿಗೆ ಬರಾಕೆ ನನಗೆ ಇಪ್ಪತ್ತು ವರ್ಷ ಹಿಡೀತು. ನೀನು ಇಂಜಿನಿಯರಿಂಗ್ ಓದಿ ವಾಪಸ್ ಸೈಕಲ್ಲಿಗೇ ಹೋದೆಯಲ್ಲಪ್ಪಾ."

ನಕ್ಕು ಸುಮ್ಮನಾದೆ. ಆದರೆ ಆ ಮಾತು ಚುಚ್ಚಿತ್ತು.

ಕಳೆದ ಅಂಕಣದಲ್ಲಿ ಈ ಸೈಕಲ್ ಬಗ್ಗೆ ಒಂದು ಸಾಲು ಬರೆದಿದ್ದೆ. ಅದನ್ನ ಓದಿದ ಕೆಲವರು ‘ನಿಜವಾಗ್ಲೂ ಕಾರಿಲ್ಲದೆ ಆಗುತ್ತಾ’ ಅಂತ ಕೇಳಿದ್ದರು. ಆಗುತ್ತೆ. ಹೇಗೆ ಅಂತ ಮೊದಲು ಹೇಳ್ತೀನಿ. ಆಮೇಲೆ ನಾನು ಅಪ್ಪಾಜಿಯಿಂದ ಮುಚ್ಚಿಟ್ಟಿದ್ದ ಒಂದು ವಿಷಯ ಇದೆ, ಅದನ್ನೂ ಹೇಳ್ತೀನಿ.

ಗಾಡಿಯ ಉದ್ದ ಸುಮಾರು ಎರಡೂವರೆ ಮೀಟರ್, ತೂಕ 50 ಕಿಲೊ. ಇದರ ಮೋಟರ್ 250 ವಾಟ್. ನಮ್ಮ ಮನೆ ಮಿಕ್ಸಿ 750 ವಾಟ್, ಅಂದ್ರೆ ಮಿಕ್ಸಿಯ ಮೂರರಲ್ಲೊಂದು ಭಾಗ. ಇಷ್ಟರಲ್ಲಿ ಏನಾಗುತ್ತೆ ಅನ್ನಿಸಬಹುದು. ದಿನವಿಡೀ ಕುರ್ಚಿಯಲ್ಲಿ ಕೂರೋ ನನ್ನಂಥವನು ಆರಾಮಾಗಿ ತುಳಿದ್ರೆ ಕಾಲಿಂದ ಬರೋದು 100 ವಾಟ್ ಆಸುಪಾಸು. ಹಾಗಾಗಿ ಮೋಟರ್ ಆನ್ ಮಾಡಿದ್ರೆ ನನ್ನಂಥ ಇನ್ನಿಬ್ಬರು ಹಿಂದಿಂದ ತಳ್ಳಿದ ಹಾಗೆ. ಯುರೋಪಿನ ನಿಯಮದ ಪ್ರಕಾರ ತುಳಿದರೆ ಮಾತ್ರ ಮೋಟರ್ ಸಹಾಯ ಮಾಡುತ್ತೆ, ಗಂಟೆಗೆ 25 ಕಿಲೊಮೀಟರ್ ದಾಟಿದ ಕೂಡಲೇ ಸಹಾಯ ನಿಲ್ಲುತ್ತೆ. ಈ ಮಿತಿಯೊಳಗಿದ್ದರೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ.

ಮೊದಲ ದಿನ ಓಡಿಸುವಾಗ ನಾನು ಕುಡಿದವನ ಥರ ಓಲಾಡಿದೆ. ಹ್ಯಾಂಡಲ್ ಇರೋದು ಕೈಯಲ್ಲಿ, ಮುಂದಿನ ಚಕ್ರ ಇರೋದು ಪೆಟ್ಟಿಗೆಯ ಆ ಕಡೆ. ಎರಡಕ್ಕೂ ನಡುವೆ ಪೆಟ್ಟಿಗೆ ಕೆಳಗೆ ಹಾದು ಹೋಗೋ ಒಂದು ಉದ್ದನೆ ರಾಡ್. ಚಕ್ರ ನೋಡಿಕೊಂಡು ಓಡಿಸಿದ್ರೆ ಗ್ಯಾರಂಟಿ ಬೀಳ್ತೀವಿ. ದೂರ ನೋಡಬೇಕು. ಖಾಲಿ ಪಾರ್ಕಿಂಗ್ ಜಾಗದಲ್ಲಿ 20 ಕಿಲೊ ಅಕ್ಕಿ ಮೂಟೆಯನ್ನ ಬೆಂಚಿನ ಮೇಲೆ ಕೂರಿಸಿ, ಬೆಲ್ಟ್ ಹಾಕಿ, ಎರಡು ಭಾನುವಾರ ಪ್ರಾಕ್ಟೀಸ್ ಮಾಡಿದ ಮೇಲೆ ಮಗಳನ್ನ ಹತ್ತಿಸಿದ್ದು.

ಖರ್ಚಿನ ಲೆಕ್ಕ ಕೇಳೋರಿಗೆ: ಹೊಸದು 4,000ದಿಂದ 8,000 ಯೂರೋವರೆಗೂ ಇದೆ. ನಾವು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು 3,400ಕ್ಕೆ. ಆ ದುಡ್ಡಿಗೆ ಇಲ್ಲಿ ಹಳೇ ಕಾರೂ ಸಿಗುತ್ತೆ. ವ್ಯತ್ಯಾಸ ಇರೋದು ಆಮೇಲೆ. ಕಾರಾದ್ರೆ ಅದರ ತೂಕ ನೋಡಿ ಹಾಕೋ ರಸ್ತೆ ತೆರಿಗೆ, ಇನ್ಶೂರೆನ್ಸ್, ಪಾರ್ಕಿಂಗ್, ಲೀಟರಿಗೆ 2 ಯೂರೋ ಆಸುಪಾಸಿನ ಪೆಟ್ರೋಲ್. ಇದರ ಬ್ಯಾಟರಿ 500 ವಾಟ್-ಅವರ್, ಅಂದ್ರೆ ಅರ್ಧ ಯೂನಿಟ್ ಕರೆಂಟ್. ಫುಲ್ ಚಾರ್ಜ್‌ಗೆ ಸುಮಾರು 15 ಸೆಂಟ್. ಅಷ್ಟಕ್ಕೆ ನಮಗೆ 40 ಕಿಲೊಮೀಟರ್ ಬರುತ್ತೆ. ವರ್ಷಕ್ಕೊಂದು ಸರ್ವಿಸ್, ಒಂದು ದಪ್ಪ ಚೈನ್ ಬೀಗ, ಕಳ್ಳತನದ ಇನ್ಶೂರೆನ್ಸ್. ಬೀಗ ಮತ್ತು ಇನ್ಶೂರೆನ್ಸ್ ವಿಷಯದಲ್ಲಿ ಜಿಪುಣತನ ಮಾಡಬಾರದು, ಇಲ್ಲಿ ಸೈಕಲ್ ಕಳ್ಳರು ನುರಿತವರು.

ದಿನದ ಕೆಲಸ ಹೀಗಿದೆ: ಬೆಳಿಗ್ಗೆ 3 ಕಿಲೊಮೀಟರ್ ದೂರದ ಡೇ ಕೇರ್‌ಗೆ ಮಗಳು. ಅಲ್ಲಿಂದ 7 ಕಿಲೊಮೀಟರ್ ಆಫೀಸ್. ಶನಿವಾರ ಇಂಡಿಯನ್ ಅಂಗಡಿಯಿಂದ ಅಕ್ಕಿ, ತೊಗರಿಬೇಳೆ, ಎಣ್ಣೆ. ದಾವಣಗೆರೆಯವನಾದ ತಪ್ಪಿಗೆ ಒಂದು ದೊಡ್ಡ ಚೀಲ ಮಂಡಕ್ಕಿ. ಮಂಡಕ್ಕಿ ಚೀಲ ಸೇರದ ಕಾರಿನ ಡಿಕ್ಕಿ ನೋಡಿದೀನಿ, ಈ ಪೆಟ್ಟಿಗೆಯಲ್ಲಿ ಮಂಡಕ್ಕಿ, ಮಗಳು ಇಬ್ಬರೂ ಸೇರ್ತಾರೆ. ದೂರ ಹೋಗಬೇಕಾದ್ರೆ ರೈಲು. ವರ್ಷಕ್ಕೆ ನಾಲ್ಕೈದು ಸಲ ಗಂಟೆ ಲೆಕ್ಕದ ಬಾಡಿಗೆ ಕಾರು.

ಕಷ್ಟ ಇಲ್ವಾ? ಇದೆ. ಪೆಟ್ಟಿಗೆಗೆ ಪ್ಲಾಸ್ಟಿಕ್ ಕಿಟಕಿಯ ಟೆಂಟ್ ಇದೆ. ಮಳೆ ಬಂದ್ರೆ ಒಳಗೆ ಕೂತ ಮಹಾರಾಣಿಗೆ ಒಂದು ಹನಿ ತಾಗಲ್ಲ, ಸಾರಥಿ ಮಾತ್ರ ತೊಯ್ದು ತೊಪ್ಪೆ. ಈ ದೇಶದಲ್ಲಿ ದಿಬ್ಬ ಇಲ್ಲ, ಆದರೆ ಎದುರು ಗಾಳಿ ಇದೆ. ಅದು ನಮ್ಮ ಚಿತ್ರದುರ್ಗದ ಗುಡ್ಡ ಹತ್ತಿದ ಹಾಗೆ, ಒಂದೇ ವ್ಯತ್ಯಾಸ ಅಂದ್ರೆ ಮೇಲೆ ಹತ್ತಿದ ಖುಷಿ ಇರಲ್ಲ. ಚಳಿಗಾಲದಲ್ಲಿ ಬ್ಯಾಟರಿ ಬೇಗ ಇಳಿಯುತ್ತೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದ್ರೆ ಅದು ಶಾಶ್ವತವಾಗಿ ಹಾಳಾಗಬಹುದು. ಅದಕ್ಕೆ ದಿನಾ ರಾತ್ರಿ ಬಿಚ್ಚಿ ಮನೆಯೊಳಗೆ ತಂದು, ಅದು ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕ್ತೀನಿ.

ಇನ್ನು ಮುಚ್ಚಿಟ್ಟ ವಿಷಯ.

ಈ ಜನವರಿಯ ಒಂದು ಮಂಗಳವಾರ. ಬೆಳಿಗ್ಗೆ ಎಂಟಾದ್ರೂ ಕತ್ತಲು. ರಾತ್ರಿ ಹಿಮ ಬಿದ್ದಿರಲಿಲ್ಲ, ಆದರೆ ನೆಲ ಹೆಪ್ಪುಗಟ್ಟಿತ್ತು. ಮುಖ್ಯ ಸೈಕಲ್ ದಾರಿಗಳಿಗೆ ನಗರಸಭೆಯ ಗಾಡಿ ರಾತ್ರಿಯೇ ಉಪ್ಪು ಹಾಕಿರುತ್ತೆ, ಐಸ್ ಕಟ್ಟಬಾರದು ಅಂತ. ಸಣ್ಣ ಬೀದಿಗಳಿಗೆ ಹಾಕಲ್ಲ. ನನಗೆ ಒಂಬತ್ತಕ್ಕೆ ಮೀಟಿಂಗ್. ಸೂಪರ್ ಮಾರ್ಕೆಟ್ ಹಿಂದಿನ ಬೀದಿಯಿಂದ ಹೋದ್ರೆ ಆರು ನಿಮಿಷ ಉಳಿಯುತ್ತೆ. ಆ ಕಡೆ ತಿರುಗಿಸಿದೆ. ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. 50 ಕಿಲೊ ಸೈಕಲ್, ಮಗಳು, ನಾನು, ಎಲ್ಲಾ ಎಡಕ್ಕೆ ಮಲಗಿದ್ವಿ.

ಹಿಂದೆ ಒಂದು ಕಾರ್ ಬರ್ತಾ ಇತ್ತು.

ಅದರ ಹೆಡ್‌ಲೈಟ್ ಬೆಳಕು ನನ್ನ ಮೇಲೆ ಬಿದ್ದಿದ್ದು, ನಾನು ಎದ್ದೇಳೋಕೆ ಹೋಗಿ ಮತ್ತೆ ಜಾರಿದ್ದು, ಇಷ್ಟೇ ನೆನಪು. ಕಾರು ನಿಂತಿತ್ತು. ಹಾರ್ನ್ ಇಲ್ಲ. ಆ ಬೀದಿಯಲ್ಲಿ ವೇಗದ ಮಿತಿ 30, ಆತ ಅದಕ್ಕಿಂತ ನಿಧಾನವಾಗೇ ಬರ್ತಿದ್ದಿರಬೇಕು. ಇಂಡಿಕೇಟರ್ ಹಾಕಿ ಇಳಿದು ಬಂದ, ಇಬ್ಬರೂ ಸೇರಿ ಗಾಡಿ ಎತ್ತಿದ್ವಿ. ಮಗಳು ಬೆಲ್ಟ್‌ನಲ್ಲಿ ಜೋತಾಡ್ತಾ ಇದ್ದಳು. ಗಾಯ ಇಲ್ಲ. ಒಂದು ನಿಮಿಷ ಕಣ್ಣು ಬಿಟ್ಟುಕೊಂಡು ನೋಡಿ, "ನನ್ನ ಬಾಳೆಹಣ್ಣು ಎಲ್ಲಿ?" ಅಂತ ಅಳೋಕೆ ಶುರು ಮಾಡಿದಳು. ಆತ ನನ್ನ ಭುಜ ತಟ್ಟಿ "ರುಸ್ತಿಖ್ ಆನ್" ಅಂದ. ನಿಧಾನವಾಗಿ ಹೋಗು ಅಂತ ಅರ್ಥ.

ನನ್ನ ಮೊಣಕೈ ಮೂರು ವಾರ ಊದಿತ್ತು. ಅವತ್ತು ರಾತ್ರಿ ಹೆಂಡತಿ ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ಮೀಟಿಂಗ್ ಅಷ್ಟು ಮುಖ್ಯ ಇತ್ತಾ?" ಆಮೇಲೆ ಇಬ್ಬರೂ ಕೂತು ಫೋನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ವಿ. ಒಂದು ವಾರ ಬಸ್ಸಲ್ಲಿ ಓಡಾಡಿದ್ವಿ. ಎಂಟನೇ ದಿನ ಮಗಳು ಬಸ್ ಸ್ಟಾಪಿನಲ್ಲಿ ‘ಪೆಟ್ಟಿಗೆ ಬೇಕು’ ಅಂತ ಹಟ ಹಿಡಿದಳು. ಮತ್ತೆ ಸೈಕಲ್ ತೆಗೆದೆ. ಆದರೆ ಪ್ರತಿ ತಿರುವಿನಲ್ಲೂ ಹೊಟ್ಟೆಯೊಳಗೆ ಒಂಥರಾ ಆಗ್ತಿತ್ತು. ಭಾನುವಾರದ ಕಾಲ್‌ನಲ್ಲಿ ಊದಿದ ಕೈಯನ್ನ ಕ್ಯಾಮೆರಾದಿಂದ ಆಚೆ ಇಟ್ಟುಕೊಂಡಿದ್ದೆ.

ಮೇ ತಿಂಗಳಲ್ಲಿ ಅಪ್ಪಾಜಿ, ಅಮ್ಮ ಮೂರು ತಿಂಗಳಿಗೆ ಬಂದರು. ಬಂದ ಎರಡನೇ ದಿನ ಅಪ್ಪಾಜಿ ಸೈಕಲ್ ಸುತ್ತ ಒಂದು ರೌಂಡ್ ಹಾಕಿ ನೋಡ್ತಾ ಇದ್ದರು. ಮಗಳು ಪೆಟ್ಟಿಗೆಯಲ್ಲಿ ಕೂತು ತನ್ನ ಆಸ್ತಿ ತೋರಿಸ್ತಾ ಇದ್ದಳು. ಇದು ಬೆಲ್ಟು, ಇದು ಟೆಂಟು. ಆಮೇಲೆ ಬಲು ಉತ್ಸಾಹದಿಂದ ಅಂದಳು: "ಅಜ್ಜಾ, ಪಪ್ಪ ನನ್ನ ಬೀಳ್ಸಿದ್ರು. ದಪ್ ಅಂತ!"

ಅಪ್ಪಾಜಿ ನನ್ನ ಕಡೆ ನೋಡಿದರು. ಏನೂ ಕೇಳಲಿಲ್ಲ.

ಎರಡು ದಿನ ಮಾತೇ ಇಲ್ಲ. ಕಾರಿನ ಪ್ರಶ್ನೆಯೂ ಇಲ್ಲ. ಮೂರನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಲ್ಕನಿಗೆ ಬಂದು ನನ್ನ ಪಕ್ಕ ಕೂತರು. ಹತ್ತು ಗಂಟೆ ಹತ್ತಿರ ಬಂದರೂ ಆಕಾಶದಲ್ಲಿ ಇನ್ನೂ ಬೆಳಕಿತ್ತು.

"ನಿನಗೆ ಆಗ ನಾಕು ವರ್ಷ" ಅಂತ ಶುರು ಮಾಡಿದರು.

ಅಪ್ಪಾಜಿ ಆಗ ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೀತಿದ್ದರು. ಸೈಕಲ್ ಬಾರ್ ಮೇಲೆ ನನಗೊಂದು ಪುಟ್ಟ ಸೀಟು ಹಾಕಿಸಿದ್ದರು. ಆ ಸೀಟು ನನಗೂ ನೆನಪಿದೆ, ಕೆಂಪು ರೆಕ್ಸಿನ್‌ನದು. ಒಂದಿನ ಪಿ.ಬಿ. ರಸ್ತೆಯಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೀತಾ ಬಂತು. ಎದುರಿಗೊಂದು ಲಾರಿ. ಅಪ್ಪಾಜಿ ಸೈಕಲ್ಲನ್ನ ರಸ್ತೆ ಕೆಳಗೆ ಇಳಿಸೋಕೆ ಹೋದರು, ಅಂಚಿನ ಜಲ್ಲಿಯಲ್ಲಿ ಚಕ್ರ ಸಿಕ್ಕಿ ಇಬ್ಬರೂ ಬಿದ್ದಿದ್ದು ರಸ್ತೆ ಕಡೆಗೇ.

"ಬಸ್ಸಿನ ಹಿಂದಿನ ಗಾಲಿ ಇಷ್ಟು ದೂರದಾಗೆ ಹೋತು." ಹೆಬ್ಬೆರಳು, ಕಿರುಬೆರಳು ಅಗಲಿಸಿ ತೋರಿಸಿದರು. ಒಂದು ಗೇಣು. "ನಿನ್ನ ತಲೆಯಿಂದ."

ಬಸ್ಸು ನಿಲ್ಲಲಿಲ್ಲ. ಅಮ್ಮನಿಗೂ ಅವರು ಪೂರ್ತಿ ಹೇಳಿರಲಿಲ್ಲವಂತೆ, ಜಾರಿ ಬಿದ್ವಿ ಅಂತಷ್ಟೇ ಹೇಳಿದ್ದರಂತೆ. ಮಾರನೇ ದಿನವೇ ಸೀಟು ಬಿಚ್ಚಿಸಿದರು. ಸಂಬಳ ಸಾಲದಿದ್ರೂ ನನ್ನನ್ನ ಸ್ಕೂಲಿಗೆ ಆಟೋದಲ್ಲಿ ಕಳಿಸೋಕೆ ಶುರು ಮಾಡಿದ್ದು ಆಗಲೇ. ತಾವು ಮಾತ್ರ ಅದೇ ಸೈಕಲ್ಲಿನಲ್ಲಿ ಅಂಗಡಿಗೆ ಹೋಗ್ತಿದ್ದರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದರು. ಬೀದಿಯವರೆಲ್ಲ ನೋಡೋಕೆ ಬಂದಿದ್ದರು. ಅಪ್ಪಾಜಿಗೆ ಕಾರು ಅಂದ್ರೆ ಪ್ರತಿಷ್ಠೆ ಅಂತ ನಾನು ಅವತ್ತಿಂದ ಈ ರಾತ್ರಿಯವರೆಗೂ ಅಂದುಕೊಂಡಿದ್ದೆ.

ಮೂರು ವರ್ಷದಿಂದ ಪ್ರತಿ ಭಾನುವಾರ ಅವರು ಕೇಳ್ತಿದ್ದ ಪ್ರಶ್ನೆ ನನಗೆ ಅರ್ಥವೇ ಆಗಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅವರೇ ಹೊರಟು ನಿಂತರು. "ನಡಿ, ಆ ದಾರಿ ತೋರ್ಸು."

ಮನೆಯಿಂದ ಡೇ ಕೇರ್‌ವರೆಗೆ ಮೂರೂ ಕಿಲೊಮೀಟರ್ ನಡೆದೇ ಹೋದ್ವಿ. ಕೈ ಹಿಂದೆ ಕಟ್ಟಿಕೊಂಡು, ಆಡಿಟ್‌ಗೆ ಬಂದವರ ಥರ. ಕೆಂಪು ಡಾಂಬರಿನ ಸೈಕಲ್ ದಾರಿ, ಅದಕ್ಕೂ ಕಾರಿನ ರಸ್ತೆಗೂ ನಡುವೆ ಹುಲ್ಲಿನ ಪಟ್ಟಿ. ಸೈಕಲ್‌ಗೇ ಬೇರೆ ಸಿಗ್ನಲ್. ಒಂದು ಬೀದಿಯ ತುದಿಯಲ್ಲಿದ್ದ ಬೋರ್ಡ್ ಏನು ಅಂತ ಕೇಳಿದರು. ಮೇಲೆ ಸೈಕಲ್, ಹಿಂದೆ ಒಂದು ಕಾರಿನ ಚಿತ್ರ. "ಇದು ಸೈಕಲ್ ಬೀದಿ, ಕಾರು ಇಲ್ಲಿ ಅತಿಥಿ ಅಂತ ಬರೆದಿದೆ" ಅಂದೆ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕಾರು, ಸೈಕಲ್ ಡಿಕ್ಕಿಯಾದ್ರೆ ಇಲ್ಲಿ ಸಾಮಾನ್ಯವಾಗಿ ಹೊಣೆ ಬರೋದು ಕಾರಿನವನ ತಲೆಗೆ ಅಂತ ಕಾನೂನೇ ಇದೆ ಅಂದಾಗ, "ಅದಕ್ಕೇ ಅವತ್ತು ಅವ್ನು ನಿಧಾನ ಬಂದಾನೆ" ಅಂದರು.

"ಇವರಿಗೆ ಮೊದಲಿಂದಲೂ ಹಿಂಗೇನಾ?"

ಇಲ್ಲ. ಒಂದು ಬೆಂಚಿನ ಮೇಲೆ ಕೂತು ನಾನು ಓದಿ ತಿಳಿದಿದ್ದನ್ನ ಹೇಳಿದೆ. ಎರಡನೇ ಮಹಾಯುದ್ಧದ ನಂತರ ಇಲ್ಲೂ ಕಾರುಗಳು ತುಂಬಿಕೊಂಡು ಸೈಕಲ್‌ಗಳನ್ನ ಅಂಚಿಗೆ ತಳ್ಳಿದ್ದವು. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹೋಫ್ ಅನ್ನೋ ಪತ್ರಕರ್ತ ತನ್ನ ಪುಟ್ಟ ಮಗಳನ್ನ ರಸ್ತೆಯಲ್ಲೇ ಕಳೆದುಕೊಂಡಿದ್ದ. 1972ರಲ್ಲಿ ಆತ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಅನ್ನೋ ಚಳವಳಿಯೇ ಹುಟ್ಟಿತು. ಅಪ್ಪ ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ಬಂದು ರಸ್ತೆ ತಡೆದರು. ಮರುವರ್ಷ ತೈಲ ಬಿಕ್ಕಟ್ಟು ಬಂತು. 1973ರ ನವೆಂಬರ್ 4ರಿಂದ ಕೆಲ ಕಾಲ ಭಾನುವಾರ ಕಾರು ಓಡಿಸೋದನ್ನೇ ಸರ್ಕಾರ ನಿಷೇಧಿಸಿತು. ಖಾಲಿ ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು. ಆಮೇಲಿನ ವರ್ಷಗಳಲ್ಲಿ ಹೇಗ್ ನಗರದಲ್ಲಿ, ನಮ್ಮ ಪಕ್ಕದ ಟಿಲ್ಬರ್ಗ್‌ನಲ್ಲಿ ಪ್ರಾಯೋಗಿಕ ಸೈಕಲ್ ದಾರಿಗಳು ಬಂದವು. ಒಂದೊಂದಾಗಿ ಉಳಿದವು ಬಂದವು.

ಅಪ್ಪಾಜಿ ತುಂಬ ಹೊತ್ತು ರಸ್ತೆ ನೋಡ್ತಾ ಕೂತಿದ್ದರು. ಆಮೇಲೆ, "ಆ ಪತ್ರಕರ್ತನ ಹೆಸರು ಇನ್ನೊಂದ್ಸಲ ಹೇಳು" ಅಂದರು. ಹೇಳಿದೆ. ತಾವೂ ಒಮ್ಮೆ ಹೇಳಿ ನೋಡಿದರು.

ವಾಪಸ್ ಬರುವಾಗ ಸೂಪರ್ ಮಾರ್ಕೆಟ್ ಹಿಂದಿನ ಬೀದಿ ತೋರಿಸಿದೆ. ಸಾಮಾನು ಇಳಿಸೋ ಲಾರಿಗಳು, ರಿವರ್ಸ್ ಬರೋ ಕಾರುಗಳು, ಪ್ರತ್ಯೇಕ ಸೈಕಲ್ ದಾರಿ ಇಲ್ಲ. ಅಪ್ಪಾಜಿ ಹತ್ತು ನಿಮಿಷ ನಿಂತು ನೋಡಿ ತೀರ್ಪು ಕೊಟ್ಟರು. "ಈ ಬೀದಿ ಬ್ಯಾಡ. ಆ ಕಡೆ ಸುತ್ತಿ ಹೋಗು. ಆರು ನಿಮಿಷ ಮುಂಚೆ ಏಳಪ್ಪಾ, ಏನಾಗ್ತತಿ?"

ಅವರು ಹೊರಡೋ ಮುಂಚೆ ಒಂದಿನ ಆಫೀಸ್ ದಾರಿಯಲ್ಲಿರೋ ಹೋವನ್‌ರಿಂಗ್ ತೋರಿಸೋಕೆ ಕರ್ಕೊಂಡು ಹೋಗಿದ್ದೆ. ಕೆಳಗೆ ಕಾರುಗಳ ಜಂಕ್ಷನ್, ಮೇಲೆ ಸೈಕಲ್ ಮತ್ತು ನಡೆಯೋರಿಗಾಗಿ ಮಾಡಿದ ವೃತ್ತಾಕಾರದ ತೂಗುಸೇತುವೆ. 70 ಮೀಟರ್ ಎತ್ತರದ ಒಂದೇ ಕಂಬದಿಂದ ಕೇಬಲ್‌ಗಳು ಇಡೀ ಚಕ್ರವನ್ನ ಹಿಡಿದಿವೆ. 2012ರಲ್ಲಿ ತೆರೆದಿದ್ದು. ಅಪ್ಪಾಜಿ ಒಂದು ಪೂರ್ತಿ ಸುತ್ತು ನಡೆದು, "ನಮ್ಮ ಅಶೋಕ ಟಾಕೀಸ್ ಗೇಟಿಗೆ ಇಂಥದ್ದೊಂದು ಬೇಕಿತ್ತು ನೋಡು" ಅಂದರು.

ಬೆಂಗಳೂರಿನ ಗೆಳೆಯರು ಕೇಳ್ತಾರೆ, ಇಂಥದ್ದು ನಾವೂ ತಗೋಬಹುದಾ ಅಂತ. ಸಾಮಾನು ಸಾಗಿಸೋ ಸೈಕಲ್ ನಮಗೇನೂ ಹೊಸದಲ್ಲ. ಹಾಲಿನ ಕ್ಯಾನ್, ಗ್ಯಾಸ್ ಸಿಲಿಂಡರ್, ಇಡ್ಲಿ ಡಬ್ಬಿ, ಎಲ್ಲವನ್ನೂ ಸೈಕಲ್ ಹೊತ್ತಿದೆ. ಮೋಟರ್ 250 ವಾಟ್‌ಗಿಂತ ಕಡಿಮೆ, ವೇಗ 25 ಕಿಲೊಮೀಟರ್‌ಗಿಂತ ಕಡಿಮೆ ಇರೋ ಬ್ಯಾಟರಿ ವಾಹನಕ್ಕೆ ಭಾರತದಲ್ಲೂ ರಿಜಿಸ್ಟ್ರೇಷನ್, ಲೈಸೆನ್ಸ್ ಬೇಕಿಲ್ಲ. ಗಾಡಿ ಸಮಸ್ಯೆ ಅಲ್ಲ. ಲೇಔಟ್ ಒಳಗಿನ ಬೀದಿಗಳಲ್ಲಿ ತರಕಾರಿ ತರೋಕೆ, ಪಕ್ಕದ ಕ್ರಾಸಿನ ಸ್ಕೂಲಿಗೆ ಬಿಡೋಕೆ ಧಾರಾಳವಾಗಿ ತಗೊಳ್ಳಿ. ಔಟರ್ ರಿಂಗ್ ರೋಡಿನಲ್ಲಿ 2020ರಲ್ಲಿ ಸೈಕಲ್‌ಗೆ ಅಂತ ಪಾಪ್-ಅಪ್ ಲೇನ್ ಮಾಡಿದ್ದು ನಿಮಗೆ ನೆನಪಿರಬಹುದು. ಅಂಥ ಲೇನ್ ಉಳಿದು, ಅದರೊಳಗೆ ಬೈಕ್ ನುಗ್ಗದ ದಿನ ಬರೋವರೆಗೆ, ಆ ರಸ್ತೆಯಲ್ಲಿ ಮಗಳನ್ನ ಪೆಟ್ಟಿಗೆಯಲ್ಲಿ ಕೂರಿಸಿ ನಾನಂತೂ ಹೋಗಲ್ಲ. ನಾನು ಇಲ್ಲಿ ಕಾರಿಲ್ಲದೆ ಬದುಕ್ತಿರೋದು ನನ್ನ ಆದರ್ಶದಿಂದಲ್ಲ. ಐವತ್ತು ವರ್ಷದ ಹಿಂದೆ ಯಾರೋ ಅಪ್ಪ ಅಮ್ಮಂದಿರು ರಸ್ತೆಯಲ್ಲಿ ಕೂತಿದ್ದರಿಂದ.

ಈಗ ನಾವು ದಿನಾ ಸುತ್ತು ದಾರಿಯಲ್ಲೇ ಹೋಗ್ತೀವಿ. ಮಗಳು ಅದಕ್ಕೆ ‘ಅಜ್ಜನ ದಾರಿ’ ಅಂತ ಹೆಸರಿಟ್ಟಿದ್ದಾಳೆ. ಒಂಬತ್ತರ ಮೀಟಿಂಗನ್ನ ಒಂಬತ್ತೂಕಾಲಿಗೆ ಮಾಡಿ ಅಂತ ಟೀಮಿನಲ್ಲಿ ಕೇಳಿದೆ. ಒಬ್ಬರೂ ಯಾಕೆ ಅನ್ನಲಿಲ್ಲ. ಅದನ್ನ ಎರಡು ವರ್ಷದ ಹಿಂದೆಯೇ ಕೇಳಬಹುದಿತ್ತು.

ಕಳೆದ ಭಾನುವಾರವೂ ದಾವಣಗೆರೆಯಿಂದ ಕಾಲ್ ಬಂತು. ಅಮ್ಮನ ಸರದಿ ಮುಗಿದು ಫೋನ್ ಅಪ್ಪಾಜಿ ಕೈಗೆ ಹೋಯ್ತು.

"ಚಳಿ ಶುರುವಾತೇನು?"

"ಶುರುವಾಯ್ತು ಅಪ್ಪಾಜಿ."

"ಬ್ರೇಕ್ ಚೆಕ್ ಮಾಡ್ಸಿದ್ಯಾ?"

"ಶನಿವಾರ ಮಾಡಿಸ್ತೀನಿ."

"ಶನಿವಾರದ ತನಕ ಬಸ್ಸಿಗೆ ಹೋಗು" ಅಂದು ಫೋನನ್ನ ಅಮ್ಮನಿಗೆ ಕೊಟ್ಟರು.